ಹತ್ತು ಲೀಟರ್ ಹೆಚ್ಚಾದ ಡಬ್ಬ

ನಮ್ಮ ಬೀದಿಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದವರು ಇಬ್ಬರೇ: ಅಂಚೆಯವನು ಮತ್ತು ಕರೆಂಟ್ ಬಿಲ್ಲಿನವನು. ಉಳಿದವರಿಗೆಲ್ಲ ಅವನು ಲೀಟರಣ್ಣ. ಹಾಲು ಮಾರುವವನಲ್ಲ, ಪೆಟ್ರೋಲ್ ಬಂಕಿನವನೂ ಅಲ್ಲ. ಸ್ಪೀಕರುಗಳಿಗೆ ಮರದ ಡಬ್ಬ ಮಾಡುವುದು ಅವನ ಕಸುಬು. ಮುಂದಿನ ಕೋಣೆ ಕಾರ್ಖಾನೆ, ಹಿಂದಿನ ಕೋಣೆ ಅರಮನೆ. ಎರಡರಲ್ಲೂ ಅವನೇ ಚಕ್ರವರ್ತಿ, ಅವನೇ ಕಸ ಗುಡಿಸುವವನು.

ಗಿರಾಕಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಅವನ ಪ್ರಶ್ನೆ ಸಿದ್ಧವಾಗಿರುತ್ತಿತ್ತು.

"ಒಳಗೆ ಎಷ್ಟು ಲೀಟರ್ ಬೇಕು?"

"ನನಗೆ ಜೋರಾಗಿ ಕೇಳಿಸಿದರೆ ಸಾಕಪ್ಪ," ಎನ್ನುತ್ತಿದ್ದ ಗಿರಾಕಿ.

"ಜೋರಾಗಿ ಕೇಳಿಸಬೇಕು ಅಂದ್ರೆ ಪಕ್ಕದ ಮನೆಯವರ ಹತ್ರ ಜಗಳ ಆಡು. ಸ್ಪೀಕರು ಸರಿಯಾಗಿ ಕೇಳಿಸಬೇಕು ಅಂದ್ರೆ ಲೀಟರ್ ಹೇಳು."

ಆಮೇಲೆ ಉಪದೇಶ ಶುರು. ಡಬ್ಬದ ಹೊರಗಿನ ಅಂದಚಂದ ನೋಡುವವರು ಮೂರ್ಖರು. ಡಬ್ಬ ಅಂದರೆ ಮರವಲ್ಲ, ಮರದೊಳಗಿನ ಗಾಳಿ. ಆ ಗಾಳಿ ಕಡಿಮೆಯಾದರೆ ಸ್ಪೀಕರು ಉಸಿರುಗಟ್ಟಿದವನ ಹಾಗೆ ಗೊಗ್ಗರು ಧ್ವನಿ ಮಾಡುತ್ತದೆ. ಹೆಚ್ಚಾದರೆ ದೊಡ್ಡಪ್ಪನ ಪ್ಯಾಂಟು ಹಾಕಿಕೊಂಡ ಹುಡುಗನ ಹಾಗೆ ಜೋಲಾಡುತ್ತದೆ. ಆದ್ದರಿಂದ ಮೊದಲು ಹೊರಗಿನ ಉದ್ದ, ಅಗಲ, ಎತ್ತರ ಹಿಡಿ. ಪ್ರತಿಯೊಂದರಿಂದಲೂ ಹಲಗೆಯ ದಪ್ಪವನ್ನು ಎರಡು ಸಲ ಕಳೆ, ಯಾಕೆಂದರೆ ಹಲಗೆ ಎರಡೂ ಕಡೆ ಇರುತ್ತದೆ. ಉಳಿದ ಮೂರನ್ನು ಒಂದಕ್ಕೊಂದು ಗುಣಿಸು, ಲೀಟರಿಗೆ ಇಳಿಸು. ಅಷ್ಟಕ್ಕೇ ಹಿಗ್ಗಬೇಡ. ಒಳಗೆ ಬಾಡಿಗೆ ಕೊಡದೆ ಕೂತಿರುವವರೂ ಇದ್ದಾರೆ: ಸ್ಪೀಕರಿನ ಬೆನ್ನಿಗಂಟಿದ ಅಯಸ್ಕಾಂತ, ಹಲಗೆ ನಡುಗದಂತೆ ಅಡ್ಡ ಹೊಡೆದ ಪಟ್ಟಿ, ಗಾಳಿ ಹೊರಡುವ ಕೊಳವೆ. ಅವರು ತಿಂದ ಜಾಗವನ್ನೂ ಕಳೆ. ಉಳಿದದ್ದು ನಿನ್ನ ಲೀಟರು.

ಲೆಕ್ಕವನ್ನು ನಂಬದವರಿಗಾಗಿ ಮೂಲೆಯಲ್ಲಿ ಒಂದು ಚೀಲ ಅಕ್ಕಿ ಇತ್ತು. ಡಬ್ಬವನ್ನು ಅಂಗಾತ ಮಲಗಿಸಿ, ಸ್ಪೀಕರು ಕೂರುವ ರಂಧ್ರದಿಂದ ಒಂದು ಲೀಟರಿನ ಚೊಂಬಿನಲ್ಲಿ ಆ ಅಕ್ಕಿ ಸುರಿದು ಎಣಿಸಿ ತೋರಿಸುತ್ತಿದ್ದ. ಎಷ್ಟೋ ವರ್ಷದ ಅಕ್ಕಿ. ಅದರಲ್ಲಿ ಹುಳುಗಳ ಏಳು ತಲೆಮಾರು ಹುಟ್ಟಿ, ಸಂಸಾರ ಮಾಡಿ, ಸತ್ತಿದ್ದವು.

ಈ ಅಳೆಯುವ ಚಟ ಡಬ್ಬಕ್ಕೆ ಮಾತ್ರ ನಿಂತಿರಲಿಲ್ಲ. ಬಕೆಟ್ಟು, ಸೂಟ್‌ಕೇಸು, ಕ್ಷೌರದಂಗಡಿ, ಲಿಫ್ಟು, ಯಾವುದರೊಳಗೆ ಹೋದರೂ ಅದರ ಲೀಟರು ಹೇಳುತ್ತಿದ್ದ. ಒಮ್ಮೆ ತನ್ನ ಹಿಂದಿನ ಕೋಣೆಯನ್ನೂ ಅಳೆದ: ಮೂವತ್ತು ಸಾವಿರದ ಐನೂರು ಲೀಟರು. ಅದರಲ್ಲಿ ಮಂಚ, ಬೀರು, ಕುರ್ಚಿ ಕಳೆದ. ಕೊನೆಗೆ ತನ್ನನ್ನೂ ಕಳೆದ. ಮನುಷ್ಯ ಅಂದರೆ ಎಪ್ಪತ್ತು ಲೀಟರಿನ ಆಸುಪಾಸು. "ನನ್ನನ್ನ ಕಳೆದ್ರೂ ಕಳೆಯದಿದ್ರೂ ಏನೂ ವ್ಯತ್ಯಾಸ ಆಗಲಿಲ್ಲ ನೋಡಿ," ಎಂದು ಎದುರುಮನೆಯ ನರ್ಸಮ್ಮನಿಗೆ ಖುಷಿಯಿಂದ ಹೇಳಿದ. ನರ್ಸಮ್ಮ ನಗಲಿಲ್ಲ. "ಮದುವೆ ಆಗಿದ್ರೆ ಇನ್ನೊಂದು ಅರವತ್ತು ಕಳೀಬಹುದಿತ್ತು," ಅಂದರು. "ಆಗ ಮಾತಿಗೆ ಜಾಗ ಸಾಲ್ತಿರಲಿಲ್ಲ," ಎಂದ ಲೀಟರಣ್ಣ. ಬಾಗಿಲು ಹಾಕಿಕೊಂಡು ಒಳಗೆ ಹೋದ ಮೇಲೆ ಅವನ ಜೊತೆ ಮಾತಿಗೆ ಯಾರೂ ಇರಲಿಲ್ಲ ಅನ್ನುವುದು ಬೇರೆ ವಿಷಯ.

ಮಾತಾಡಬೇಕಾದವನು ಒಬ್ಬನಿದ್ದ. ಅದೇ ಊರಿನ ಇನ್ನೊಂದು ತುದಿಯಲ್ಲಿ, ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದಲ್ಲಿ, ಅವನ ತಮ್ಮ. ಅಪ್ಪ ಬಡಗಿ. ದೊಡ್ಡವನು ಅಪ್ಪನ ಗರಗಸ ಹಿಡಿದ. ಚಿಕ್ಕವನಿಗೆ ಮರದ ಪುಡಿ ಕಂಡರೆ ಸೀನು, ಹಾಗಾಗಿ ಕತ್ತರಿ ಹಿಡಿದು ಟೇಲರಾದ. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮ ಕೂತು ಮನೆಯ ಸಾಮಾನು ಹಂಚಿಕೊಂಡರು. ಎಂಥ ಸೌಹಾರ್ದ! ಪಾತ್ರೆ ನಿನಗೆ, ಮಂಚ ನನಗೆ, ಗಡಿಯಾರ ನೀನೇ ಇಟ್ಟುಕೋ. ಸಂಜೆಯ ಹೊತ್ತಿಗೆ ಎಲ್ಲ ಮುಗಿದು ಒಂದೇ ಒಂದು ಉಳಿಯಿತು: ಅಪ್ಪ ಕೈಯಾರೆ ಮಾಡಿದ ಎರಡು ಸ್ಪೀಕರ್ ಡಬ್ಬ.

"ನೀನೇ ತಗೊಳ್ಳೋ," ಎಂದ ಅಣ್ಣ.

"ಬೇಡ ಬಿಡು, ನೀನೇ ಇಟ್ಕೋ," ಎಂದ ತಮ್ಮ.

ಮಾತು ಉದಾರವಾಗಿತ್ತು, ದನಿ ಹಾಗಿರಲಿಲ್ಲ. ಇಟ್ಕೋ ಎಂದು ಆ ದನಿಯಲ್ಲಿ ಹೇಳಿಸಿಕೊಂಡು ಮಾನವಂತ ಯಾವನೂ ಇಟ್ಟುಕೊಳ್ಳಲಾರ. ನೀನೇ, ನೀನೇ ಎಂದು ಇಬ್ಬರೂ ಗಂಟಲು ಹರಿಯುವಂತೆ ಕೂಗಿಕೊಂಡು, ಕೊನೆಗೆ ಎಡಗಡೆಯದನ್ನು ಅಣ್ಣ ಎತ್ತಿಕೊಂಡ, ಬಲಗಡೆಯದನ್ನು ತಮ್ಮ. ಇತಿಹಾಸದಲ್ಲಿ ರಾಜ್ಯಗಳು ಒಡೆದಿವೆ, ಸೇನೆಗಳು ಒಡೆದಿವೆ. ಸ್ಟೀರಿಯೊ ಒಡೆದದ್ದು ಇವರಿಬ್ಬರೇ ಇರಬೇಕು. ಅಂದಿನಿಂದ ಹನ್ನೊಂದು ವರ್ಷ ಮಾತಿಲ್ಲ.

ಅಪ್ಪನಿಗೆ ಪ್ರಾಣವಾಗಿದ್ದ ಹಾಡಿನ ಕ್ಯಾಸೆಟ್ಟಿಗೆ ಮಾತ್ರ ನಕಲು ಮಾಡಿಸಿ ಒಬ್ಬೊಬ್ಬರು ಒಂದೊಂದು ಇಟ್ಟುಕೊಂಡಿದ್ದರು. ಅದು ಹಳೆಯ ಕಾಲದ ರೆಕಾರ್ಡಿಂಗು. ಸ್ಟೀರಿಯೊ ಹೊಸದಾಗಿ ಬಂದ ಸಂಭ್ರಮದಲ್ಲಿ ಡ್ರಮ್ಮು, ಪಿಟೀಲು, ಕೊಳಲನ್ನೆಲ್ಲ ಎಡಗಡೆಗೆ ತಳ್ಳಿ, ಹಾಡುವ ಹೆಂಗಸನ್ನು ಬಲಗಡೆ ಒಬ್ಬಳೇ ನಿಲ್ಲಿಸಿದ್ದರು. ಹೀಗಾಗಿ ಲೀಟರಣ್ಣನ ಮನೆಯಲ್ಲಿ ಹನ್ನೊಂದು ವರ್ಷ ಆ ಹಾಡು ಗಾಯಕಿಯಿಲ್ಲದೆ ಬಾರಿಸಿತು. ಪಿಟೀಲು ಎಳೆಯುತ್ತದೆ, ಡ್ರಮ್ಮು ಕಾಯುತ್ತದೆ, ಹಾಡುವವಳು ಬರುವುದಿಲ್ಲ. ಇವನೇ ಉಳಿ ಹಿಡಿದುಕೊಂಡು ಆ ಜಾಗವನ್ನು ಗುನುಗಿ ತುಂಬಿಸುತ್ತಿದ್ದ. ಎರಡೂ ಕಡೆಯದನ್ನು ಒಂದೇ ಸ್ಪೀಕರಿಗೆ ಕೂಡಿಸಿಕೊಳ್ಳಲು ಒಂದು ತಂತಿಯ ಕೆಲಸ ಸಾಕಿತ್ತು. ಕಣ್ಣು ಮುಚ್ಚಿಕೊಂಡು ಮಾಡಬಲ್ಲವನು. ಮಾಡಲಿಲ್ಲ. "ಇದು ಜೋಡಿಯಲ್ಲಿ ಒಂದು. ಒಂಟಿ ಸ್ಪೀಕರಲ್ಲ," ಎನ್ನುತ್ತಿದ್ದ.

ಹೀಗಿರುವಾಗ ಒಂದು ದಿನ ಲೀಟರಣ್ಣ ಪ್ಲೈವುಡ್ ತರಲು ಹೋಗಿದ್ದಾಗ ಮಹಡಿಯ ಮೇಲಿನ ನೀರಿನ ಟ್ಯಾಂಕು ತುಂಬಿ ಉಕ್ಕಿ, ಸೀಲಿಂಗಿನಿಂದ ಇಳಿದು, ಇಡೀ ಕೋಣೆಯಲ್ಲಿ ಬೇರೆಲ್ಲೂ ಜಾಗವಿಲ್ಲವೆಂಬಂತೆ ನೇರವಾಗಿ ಅಪ್ಪನ ಡಬ್ಬದ ಮೇಲೆ ಸುರಿಯಿತು. ಇವನು ಬಂದು ನೋಡಿದಾಗ ಹಲಗೆಗಳು ನೀರು ಕುಡಿದ ಬ್ರೆಡ್ಡಿನ ಹಾಗೆ ಊದಿಕೊಂಡು, ಅಂಟು ಬಿಟ್ಟು, ಮುಟ್ಟಿದರೆ ಪುಡಿಪುಡಿ. ಪುಣ್ಯಕ್ಕೆ ಸ್ಪೀಕರು ಒದ್ದೆಯಾಗಿರಲಿಲ್ಲ.

ಊರಿಗೆಲ್ಲ ಡಬ್ಬ ಮಾಡುವವನಿಗೆ ಇನ್ನೊಂದು ಡಬ್ಬ ಯಾವ ಮಹಾ? ಆದರೆ ಊದಿಕೊಂಡ ಹಲಗೆಯಿಂದ ಅಳತೆ ಸಿಗುವುದಿಲ್ಲ. ಅಪ್ಪ ಯಾವ ಲೆಕ್ಕವನ್ನೂ ಕಾಗದದಲ್ಲಿ ಬರೆದವನಲ್ಲ. ಊರನ್ನೆಲ್ಲ ಅಳೆದ ಮಗ ಅಪ್ಪನ ಡಬ್ಬಕ್ಕೆ ಮಾತ್ರ ಟೇಪು ಹಿಡಿದಿರಲಿಲ್ಲ. ಆ ಲೀಟರು ಈಗ ಭೂಮಿಯ ಮೇಲೆ ಇದ್ದದ್ದು ಒಂದೇ ಕಡೆ, ತಮ್ಮನ ಮನೆಯಲ್ಲಿ. ಅಂದಾಜಿನಲ್ಲಿ ಮಾಡಿದರೆ ಸ್ಪೀಕರು ಹಾಡುತ್ತದೆ, ಆದರೆ ಜೋಡಿ ಮುರಿಯುತ್ತದೆ. ಹನ್ನೊಂದು ವರ್ಷ ಮಾತು ಬಿಟ್ಟರೂ ಆ ಎರಡು ಡಬ್ಬಗಳ ಒಳಗಿನ ಗಾಳಿ ಒಂದೇ ಅಳತೆಯದು ಅನ್ನುವುದೊಂದು ಅವನಿಗೆ ಉಳಿದಿದ್ದ ನಂಟು. ಅದೂ ಹೋದರೆ ಅವನು ಬರೀ ಒಬ್ಬ ಮುದುಕ, ಅವನದು ಬರೀ ಒಂದು ಸ್ಪೀಕರು.

ಎರಡು ದಿನ ಕೋಣೆಯಲ್ಲಿ ಅತ್ತಿಂದಿತ್ತ ತಿರುಗಿದ. ಮೂರನೆಯ ದಿನ, ತಮ್ಮ ಅಂಗಡಿಗೆ ಹೋಗಿರುವ ಹೊತ್ತು ನೋಡಿ, ಅವನ ಮನೆಗೆ ಫೋನ್ ಮಾಡಿದ. ಎತ್ತಿದವಳು ತಮ್ಮನ ಹೆಂಡತಿ. ಈ ಮಹಾಯುದ್ಧದಲ್ಲಿ ಯಾವ ಪಕ್ಷಕ್ಕೂ ಸೇರದೆ, ವರ್ಷಕ್ಕೆ ಎರಡು ಸಲ ಫೋನ್ ಮಾಡಿ "ಬದುಕಿದ್ದೀರಾ ಭಾವ?" ಎಂದು ವಿಚಾರಿಸುತ್ತಿದ್ದ ಏಕೈಕ ರಾಯಭಾರಿ.

"ಏನಮ್ಮಾ, ನಾನು."

"ಅಯ್ಯೋ ಭಾವ! ಈ ಸಲ ನೀವೇ ಮಾಡಿದ್ರಾ? ಯಾರು ಹೋದ್ರು?"

"ಯಾರೂ ಹೋಗಿಲ್ಲ. ಡಬ್ಬ ಹೋಯ್ತು." ವಿಷಯ ಹೇಳಿದ. "ನಿಮ್ಮನೇದರ ಸ್ಪೀಕರ್ ಬಿಚ್ಚಿ, ಒಳಗೆ ಅಕ್ಕಿ ಸುರಿದು ಎಷ್ಟು ಲೀಟರ್ ಹಿಡಿಯುತ್ತೆ ಅಂತ ನೋಡಿ ಹೇಳಬೇಕಲ್ಲಮ್ಮ."

"ನನ್ನ ಅಕ್ಕಿ ನನಗೆ ಅಡುಗೆಗೆ ಬೇಕು ಭಾವ. ನಿಮ್ಮ ಹುಳುಗಳ ಥರ ನಮ್ಮನೇಲಿ ಯಾರೂ ಸುಮ್ನೆ ಕೂತಿಲ್ಲ."

"ಹೋಗ್ಲಿ, ಹೊರಗಿನ ಅಳತೆ ಮೂರು ಕೊಡು. ಒಳಗಿಂದು ನಾನೇ ಲೆಕ್ಕ ಹಾಕ್ಕೋತೀನಿ. ಮುಕ್ಕಾಲು ಇಂಚು ಹಲಗೆ ಅಂತ ಗೊತ್ತಿದೆ. ಆದರೆ ನಾನು ಕೇಳಿದೆ ಅಂತ ಅವನಿಗೆ ಗೊತ್ತಾಗಬಾರದು."

"ಅದನ್ನ ನನಗೆ ಬಿಡಿ."

ಮರುದಿನವೇ ಅಳತೆ ಬಂತು. ಅಗಲ ಹದಿನಾಲ್ಕು ಇಂಚು, ಆಳ ಹದಿಮೂರು, ಎತ್ತರ ಇಪ್ಪತ್ತಮೂರು. ತಮ್ಮನೇ ಕೈಯಾರೆ ಟೇಪು ಹಿಡಿದು ಬರೆದುಕೊಟ್ಟದ್ದು ಎಂದಳು. ಲೀಟರಣ್ಣನಿಗೆ ಅದಕ್ಕಿಂತ ದೊಡ್ಡ ಜಾಮೀನು ಬೇಕಿರಲಿಲ್ಲ. ತಮ್ಮ ಮಾತು ಬಿಟ್ಟಿರಬಹುದು, ಕಾಲು ಇಂಚು ಬಿಡುವವನಲ್ಲ. ಹಲಗೆಯ ದಪ್ಪ ಎರಡೆರಡು ಸಲ ಕಳೆದ, ಗುಣಿಸಿದ, ಇಳಿಸಿದ: ಐವತ್ತು ಲೀಟರಿಗೆ ಕೊಂಚ ಮೇಲೆ. ಅಪ್ಪನ ಕಾಲದ ಸ್ಪೀಕರಿಗೆ ಇಷ್ಟೊಂದು ಗಾಳಿಯೇ ಎಂದು ಹುಬ್ಬೇರಿತು. ಅಪ್ಪನ ಧಾರಾಳ ಎಂದುಕೊಂಡು ಹುಬ್ಬು ಇಳಿಸಿದ.

ಒಂದು ವಾರ ಆ ಕಾರ್ಖಾನೆಯಲ್ಲಿ ನಡೆದದ್ದು ಡಬ್ಬದ ಕೆಲಸವಲ್ಲ, ಕೋಟೆ ಕಟ್ಟುವ ಕೆಲಸ. ಹಲಗೆಗಳು ಕೂಡುವ ಕಡೆ ಕೂದಲೆಳೆ ತೂರದಂತೆ ಉಜ್ಜಿದ. ಅಂಟು ಒಣಗುವ ತನಕ ಕ್ಲಾಂಪು ಬಿಗಿದು ಕಾವಲು ಕೂತ. ಅಪ್ಪನ ಗಾಳಿ ಕೊಳವೆಯನ್ನೇ ಬಿಡಿಸಿ ಕೂರಿಸಿದ. ಸ್ಪೀಕರನ್ನು ಸ್ಕ್ರೂ ಹಾಕಿ ಬಿಗಿದು, ಅಂಗಿಯ ಗುಂಡಿ ಸರಿಮಾಡಿಕೊಂಡು ಹಾಡು ಹಚ್ಚಿದ.

ಪಿಟೀಲು ಸರಿಯಾಗಿತ್ತು. ಡ್ರಮ್ಮು ಬಂತು ನೋಡಿ, ಊಟ ಮುಗಿಸಿ ಆಕಳಿಸಿಕೊಂಡು ಬಂದ ಗುಮಾಸ್ತನ ಹಾಗೆ. ಧಡ್ ಎಂದು ನಿಲ್ಲಬೇಕಾದಲ್ಲಿ ಧೋಓಓ ಎಂದು ನೆಲದ ಮೇಲೆ ಹೊರಳಾಡಿತು. ಸ್ಪೀಕರಿನ ಕಾಗದ ಹೊಟ್ಟೆ ತುಂಬಿದ ಕಪ್ಪೆಯ ಗಂಟಲಿನಂತೆ ಒಳಹೊರಗೆ ಆಡುತ್ತಿತ್ತು. ಹನ್ನೊಂದು ವರ್ಷ ಅದೇ ಏಟಿಗೆ ಕಾದು ಗುನುಗಿದ ಲೀಟರಣ್ಣನಿಗೆ ಎಲ್ಲಿ ಬಾಯಿ ತೆರೆಯಬೇಕೆಂದೇ ತಿಳಿಯಲಿಲ್ಲ. ಸ್ಪೀಕರು ಬಿಚ್ಚಿ, ಡಬ್ಬವನ್ನು ಮಲಗಿಸಿ, ಅಕ್ಕಿ ಸುರಿದ. ಕೊಳವೆ, ಪಟ್ಟಿಗಳು ತಿಂದ ಜಾಗ ಸೇರಿಸಿದರೆ ಸರಿಯಾಗಿ ಐವತ್ತು ಮತ್ತು ಅರ್ಧ. ಲೆಕ್ಕ ಸರಿ, ಕೆಲಸ ಸರಿ. ಹಾಗಾದರೆ ಅಳತೆಯೇ ಸುಳ್ಳು. ಕಿವಿಯ ಲೆಕ್ಕದಲ್ಲಿ ಹತ್ತು ಲೀಟರಾದರೂ ಜಾಸ್ತಿ.

ಸುಳ್ಳು ಅಳತೆ ಕೊಟ್ಟವನು ಯಾರು? ಕಾಲು ಇಂಚು ಬಿಡದವನು!

ಆ ಮಧ್ಯಾಹ್ನ ಲೀಟರಣ್ಣ ಉಣ್ಣಲಿಲ್ಲ. ಅಕ್ಕಿಯ ನಡುವೆ ಕೂತು ಪೂರ್ತಿ ಸಂಚನ್ನು ಕಟ್ಟಿದ. ಹೆಂಡತಿ ಕೇಳಿದಳು, ತಮ್ಮನಿಗೆ ವಾಸನೆ ಹೊಡೆಯಿತು, ಅಣ್ಣನ ಡಬ್ಬ ಹಾಳಾಗಲಿ ಎಂದು ಬೇಕಂತಲೇ ಒಂದೊಂದು ಇಂಚು ಏರಿಸಿ ಬರೆದ. ತಮ್ಮ ಮಾತು ಬಿಟ್ಟದ್ದನ್ನು ಲೀಟರಣ್ಣ ಸಹಿಸಿದ್ದ. ಗಿರಾಕಿಗಳ ಮುಂದೆ ತಮಾಷೆ ಮಾಡಿ ನಕ್ಕೂ ಇದ್ದ. ಇದನ್ನು ನಗುವುದು ಹೇಗೆ? ನರ್ಸಮ್ಮ ಕಿಟಕಿಯಿಂದ "ಏನು ಲೀಟರಣ್ಣ, ಇವತ್ತು ಹಾಡಿಲ್ಲ?" ಎಂದಾಗ ಕೈಚಾಚಿ ಕಿಟಕಿ ಮುಚ್ಚಿದ.

ಆಮೇಲೆ ಎದ್ದು ಫೋನ್ ಮಾಡಿದ.

"ನಿನ್ನ ಗಂಡನಿಗೆ ಹೇಳಮ್ಮ, ಗೆದ್ದಿದ್ದಾನೆ ಅಂತ. ಹತ್ತು ಲೀಟರ್ ಜಾಸ್ತಿ ಮಾಡಿಸಿ ನನ್ನ ಮನೆ ತುಂಬಿಸಿದ."

"ಏನು ಹತ್ತು ಲೀಟರು? ಸರಿಯಾಗಿ ಹೇಳಿ ಭಾವ."

"ಸುಳ್ಳು ಅಳತೆ ಕೊಟ್ಟಿದ್ದಾನೆ."

"ಸುಳ್ಳು ಯಾಕೆ ಕೊಡ್ತಾರೆ? ನಿಮಗೆ ಅಂತ ಅವರಿಗೆ ಗೊತ್ತೇ ಇಲ್ವಲ್ಲ! ಸ್ಪೀಕರಿಗೆ ಧೂಳು ಕೂರ್ತಿದೆ, ಒಂದು ಬಟ್ಟೆ ಕವರು ಹೊಲಿದುಕೊಡಿ ಅಂತ ಹೇಳಿ ಬರೆಸಿಕೊಂಡೆ."



"ಕವರಿಗಾ?"

"ಹೂಂ. ಯಾಕೆ?"

"ಅಯ್ಯೋ ತಾಯಿ! ಟೇಲರು ಕವರಿಗೆ ಅಂತ ಅಳೆದ್ರೆ ಇದ್ದಷ್ಟೇ ಬರೀತಾನಾ? ಸಡಿಲ ಸೇರಿಸಿ ಬರೀತಾನೆ! ಎದೆ ಮೂವತ್ತಾರು ಇದ್ರೆ ಪುಸ್ತಕದಲ್ಲಿ ನಲವತ್ತು! ಚಿಕ್ಕವನಿದ್ದಾಗ ಅಪ್ಪ ಬಾಗಿಲು ಅಳೆಯೋ ಅಂದ್ರೆ, ಬಾಗಿಲಿಗೂ ಉಸಿರಾಡೋಕೆ ಜಾಗ ಬಿಟ್ಟು ಹೇಳ್ತಿದ್ದ!"

ಪ್ರತಿಯೊಂದರಲ್ಲೂ ಒಂದು ಇಂಚು ಇಳಿಸಿ, ಫೋನ್ ಹಿಡಿದುಕೊಂಡೇ, ಸಿಕ್ಕ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿದ. ನಲವತ್ತು ಲೀಟರು ಮತ್ತು ಅರ್ಧ. ಅದೇ. ಅಪ್ಪನ ಕೈಯೇ ಅದು.

"ಒಟ್ಟಿನಲ್ಲಿ ಸರಿಹೋಯ್ತಲ್ಲ," ಎಂದಳು ಅವಳು. "ಕವರು ಚೆನ್ನಾಗಿ ಹೊಲಿದಿದ್ದಾರೆ ಭಾವ. ನೀಲಿ ಬಟ್ಟೆ. ಎರಡು."

"ಎರಡಾ? ನಿಮ್ಮನೇಲಿ ಇರೋದು ಒಂದೇ ಅಲ್ವಾ?"

"ನಾನೂ ಅದನ್ನೇ ಕೇಳಿದೆ. ಬಟ್ಟೆ ಮಿಕ್ಕಿತ್ತು ಅಂದ್ರು. ಮಿಕ್ಕಿರಲಿಲ್ಲ. ನಾನೇ ತಂದುಕೊಟ್ಟ ಬಟ್ಟೆ, ನನಗೆ ಗೊತ್ತಿಲ್ವಾ? ಇನ್ನೊಂದು ಮೀಟರ್ ಹೋಗಿ ತಂದಿದ್ದಾರೆ."

ಲೀಟರಣ್ಣ ಹಲಗೆಯ ಮೇಲಿನ ಲೆಕ್ಕದ ಕೆಳಗೆ ಪೆನ್ಸಿಲಿನಲ್ಲಿ ಎರಡು ಎಂದು ಬರೆದು, ಅದನ್ನೇ ಮತ್ತೆ ಮತ್ತೆ ತಿದ್ದತೊಡಗಿದ. ಹಲೋ ಹಲೋ ಎಂದು ಕೂಗಿ ಅವಳೇ ಫೋನ್ ಇಟ್ಟಳು.

ಎರಡನೆಯ ಡಬ್ಬ ಐದು ದಿನದಲ್ಲಿ ಎದ್ದಿತು. ಅಕ್ಕಿ ಸುರಿದ, ನಲವತ್ತು ಮತ್ತು ಅರ್ಧ. ಹಾಡು ಹಚ್ಚಿದ, ಡ್ರಮ್ಮು ಧಡ್ ಎಂದಿತು, ಅಲ್ಲೇ ನಿಂತಿತು. ಆದರೆ ಜೋಡಿ ಹೌದೋ ಅಲ್ಲವೋ ಎಂದು ತಿಳಿಯುವುದಕ್ಕೆ ಎರಡನ್ನೂ ಪಕ್ಕಪಕ್ಕ ಇಡುವುದೊಂದೇ ದಾರಿ. ಯಾರು ಯಾರ ಮನೆಗೆ ಹೋಗಬೇಕು ಅನ್ನುವ ಘೋರ ಪ್ರಶ್ನೆಯನ್ನು ಅವನು ಒಂದು ಭಾನುವಾರವಿಡೀ ಯೋಚಿಸಿ, ಸೋಮವಾರ ಬೆಳಿಗ್ಗೆ ಡಬ್ಬಕ್ಕೆ ಹಗ್ಗ ಕಟ್ಟಿದ.

"ಇದಕ್ಕೂ ಟಿಕೆಟ್ ತಗೋಬೇಕು," ಎಂದ ಬಸ್ಸಿನ ಕಂಡಕ್ಟರು.

"ಯಾಕಪ್ಪ? ಒಳಗೆ ಬರೀ ಗಾಳಿ."

"ಗಾಳಿಗಾದ್ರೆ ಕಿಟಕಿಯ ಹೊರಗೆ ಜಾಗ ಇದೆ. ಸೀಟಿನ ಮೇಲೆ ಕೂತಿದೆಯಲ್ಲ!"

ಡಬ್ಬಕ್ಕೂ ಟಿಕೆಟ್ಟಾಯಿತು. ತಮ್ಮನ ಹೆಂಡತಿ ಬಾಗಿಲು ತೆರೆದು, ಮುಖ ನೋಡಿ, ಡಬ್ಬ ನೋಡಿ, "ಮೊದಲು ಅದನ್ನ ಇಳಿಸಿ, ಬೆನ್ನು ಹೋದೀತು," ಎಂದಳು. ತಮ್ಮ ಅಂಗಡಿಯಲ್ಲಿದ್ದ. ಒಳಕೋಣೆಯಲ್ಲಿ ನೀಲಿ ಕವರು ತೊಟ್ಟು ಅಪ್ಪನ ಬಲಗಡೆಯ ಡಬ್ಬ ನಿಂತಿತ್ತು, ಶಾಲೆಗೆ ಹೊರಟ ಮಗುವಿನ ಹಾಗೆ. ಲೀಟರಣ್ಣ ಅದರ ಕವರು ತೆಗೆದ. ತನ್ನದನ್ನು ಎಡಗಡೆ ಇಟ್ಟು ತಂತಿ ಸಿಕ್ಕಿಸಿದ.

ಪಿಟೀಲು ಎಳೆಯಿತು. ಡ್ರಮ್ಮು ಕಾಯಿತು. ಅವಳು ಬಂದಳು.

ಹನ್ನೊಂದು ವರ್ಷದ ಮೇಲೆ. ಎಲ್ಲಿಗೂ ಹೋಗಿರಲೇ ಇಲ್ಲವೆಂಬಂತೆ, ಸರಿಯಾಗಿ ಆ ಏಟಿನ ಮೇಲೆ ಹೆಜ್ಜೆಯಿಟ್ಟು. ಎರಡು ಡಬ್ಬಗಳ ನಡುವೆ, ಏನೂ ಇಲ್ಲದ ಜಾಗದಲ್ಲಿ, ಇಡೀ ಹಾಡು ನಿಂತಿತ್ತು. ಎರಡನೆಯ ಸಾಲಿನಲ್ಲಿ ಅವಳು ಕೆಳಗಿಳಿಯುತ್ತಿದ್ದಳು. ಇಷ್ಟು ವರ್ಷ ತಾನು ಗುನುಗುವಾಗ ಮೇಲೇರುತ್ತಿದ್ದೆ ಅನ್ನುವುದು ಲೀಟರಣ್ಣನಿಗೆ ಆಗ ತಿಳಿಯಿತು. ಕನ್ನಡಕ ತೆಗೆದು ಒರೆಸಿಕೊಂಡ. ಮರದ ಪುಡಿ ಎಂದ. ಆ ಮನೆಯಲ್ಲಿ ಮರದ ಪುಡಿ ಎಲ್ಲಿಂದ ಬರಬೇಕು?

ಹಾಡು ಮುಗಿದಾಗ ಬಾಗಿಲಲ್ಲಿ ತಮ್ಮ ನಿಂತಿದ್ದ. ಊಟಕ್ಕೆ ಬಂದವನು. ಕೊರಳಲ್ಲಿ ಟೇಪು, ತುಟಿಯಲ್ಲಿ ಗುಂಡುಸೂಜಿ. ಯಾವಾಗ ಬಂದನೋ. ಅಣ್ಣನ ಮುಖ ನೋಡಲಿಲ್ಲ. ಸೀದಾ ಹೊಸ ಡಬ್ಬದ ಹತ್ತಿರ ಹೋಗಿ, ಟೇಪು ಇಳಿಸಿ, ಅಗಲ ಹಿಡಿದ, ಆಳ ಹಿಡಿದ, ಎತ್ತರ ಹಿಡಿದ. ಗುಂಡುಸೂಜಿ ತೆಗೆದು ಕಾಲರಿಗೆ ಚುಚ್ಚಿಕೊಂಡ.

"ನಾನು ಬರೆದುಕೊಟ್ಟಿದ್ದಕ್ಕಿಂತ ಒಂದೊಂದು ಇಂಚು ಕಮ್ಮಿ ಇದೆ," ಎಂದ.

"ನೀನು ಬರೆದುಕೊಟ್ಟಿದ್ದೇ ಒಂದೊಂದು ಇಂಚು ಜಾಸ್ತಿ ಕಣೋ."

"ಕವರು ಬಿಗಿಯಾಗಿ ಹೊಲಿಯೋಕಾಗುತ್ತಾ? ತೆಗೆದು ಹಾಕೋರು ಬೈಯಲ್ವಾ?"

"ಡಬ್ಬಕ್ಕೆ ಅಂತ ಗೊತ್ತಿದ್ರೆ ಏನು ಬರೀತಿದ್ದೆ?"

"ಗೊತ್ತಿತ್ತು," ಎಂದ ತಮ್ಮ. "ಹನ್ನೊಂದು ವರ್ಷ ಇಲ್ಲದ ಧೂಳು ಇವಳಿಗೆ ಒಂದೇ ದಿನದಲ್ಲಿ ಕಾಣಿಸಿಬಿಡ್ತಾ? ಗೊತ್ತಿತ್ತು ಅಣ್ಣ. ಆದರೂ ಟೇಪು ಹಿಡಿದ ತಕ್ಷಣ ಕೈ ತಾನಾಗೇ ಸಡಿಲ ಸೇರಿಸಿಬಿಡುತ್ತೆ. ಏನು ಮಾಡಲಿ?"

ಹೆಂಡತಿ ಎರಡನೆಯ ಕವರು ತಂದು ಹೊಸ ಡಬ್ಬಕ್ಕೆ ತೊಡಿಸಿದಳು. ಒಂದು ಇಂಚು ಸಡಿಲವಾಗಿ, ಚೆನ್ನಾಗಿ ಕೂತಿತು.

"ಇಲ್ಲೇ ಇರಲಿ," ಎಂದ ತಮ್ಮ. "ಬೇರೆ ಮಾಡೋದು ಬೇಡ."

"ಇಲ್ಲೇ ಬಿಟ್ಟರೆ ನನ್ನ ಮನೇಲಿ ಏನಿರುತ್ತೋ?" ಎಂದ ಲೀಟರಣ್ಣ. ತಮಾಷೆಯ ದನಿಯಲ್ಲಿ ಶುರುವಾದ ಮಾತು ಕೊನೆಯ ಹೊತ್ತಿಗೆ ತಮಾಷೆಯಾಗಿ ಉಳಿಯಲಿಲ್ಲ. ತಮ್ಮ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ನಿನಗೆ ಅಂತ ಹೊಸದಾಗಿ ಇನ್ನೊಂದು ಜೊತೆ ಮಾಡ್ಕೋ. ಅಳತೆ ನಾನು ಕೊಡ್ತೀನಿ."

"ಬೇಡ!" ಎಂದು ಅಣ್ಣನೂ ತಮ್ಮನ ಹೆಂಡತಿಯೂ ಒಟ್ಟಿಗೆ ಕೂಗಿದರು.

ಊಟವಾಯಿತು. ಎಲ್ಲಿಗೂ ತಾಗದ ಮಾತುಗಳಾದವು: ಬಟ್ಟೆ, ಪ್ಲೈವುಡ್ಡು, ಮೊಣಕಾಲು ನೋವು. ಹೊರಡುವಾಗ ಡಬ್ಬದ ಕಡೆ ಒಂದು ಸಲ ನೋಡಿದ. ಹಗ್ಗವನ್ನು ಮಾತ್ರ ಸುತ್ತಿ ಜೇಬಿಗೆ ಹಾಕಿಕೊಂಡ.

"ಭಾನುವಾರ ಬನ್ನಿ ಭಾವ. ಹಾಡು ಕೇಳೋಕೆ," ಎಂದಳು ತಮ್ಮನ ಹೆಂಡತಿ. ತಮ್ಮ ಚಪ್ಪಲಿ ಮೆಟ್ಟಿದ. ಬಸ್ ಸ್ಟಾಪಿನ ತನಕ ಜೊತೆಗೆ ನಡೆದು ಬಂದ.

ವಾಪಸ್ಸು ಬರುವಾಗ ಪಕ್ಕದ ಸೀಟು ಖಾಲಿಯಿತ್ತು. ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತೋಚದೆ ತೊಡೆಯ ಮೇಲೆ ಇಟ್ಟುಕೊಂಡ. ಹೊರಲು ಏನೂ ಇಲ್ಲದವನಿಗೆ, ಮನೆಯಲ್ಲಿ ಹಚ್ಚಲು ಹಾಡೂ ಇಲ್ಲದವನಿಗೆ, ಬೇಗ ತಲುಪಿ ಆಗಬೇಕಾದದ್ದೇನೂ ಇರಲಿಲ್ಲ. ಭಾನುವಾರಕ್ಕೆ ಇನ್ನೂ ಆರು ದಿನ. ಲೀಟರಣ್ಣ ಎರಡು ಸ್ಟಾಪು ಮೊದಲೇ ಇಳಿದು, ಇನ್ನೂ ಬಿಸಿಲಿದ್ದ ಬೀದಿಯಲ್ಲಿ ನಿಧಾನವಾಗಿ ನಡೆಯತೊಡಗಿದ.